ಕೆರೆಹಕ್ಕಿಗಳ ಗುರುತು ತಪ್ಪದಿರಲು: ನೀರುಕಾಗೆ, ಬೆಳ್ಳಕ್ಕಿ, ಗೊರವಗಳನ್ನು ಬೇರ್ಪಡಿಸುವ ಸಮಗ್ರ ಮಾರ್ಗದರ್ಶಿ

ಹೆಜ್ಜಾರ್ಲೆಯನ್ನು, ಅಂದರೆ ಪೆಲಿಕನ್ ಹಕ್ಕಿಯನ್ನು, ಯಾರೂ ಬೇರೆ ಹಕ್ಕಿ ಅಂದುಕೊಳ್ಳುವುದಿಲ್ಲ. ಚಮಚದ ಕೊಕ್ಕಿನ ಹಕ್ಕಿಯೂ ಹಾಗೇ, ಒಮ್ಮೆ ನೋಡಿದರೆ ಮುಗೀತು. ಕೆರೆ ದಂಡೆಯಲ್ಲಿ ನಮ್ಮನ್ನು ಯಾಮಾರಿಸುವುದು ದಿನಾ ಕಾಣುವ ಹಕ್ಕಿಗಳು. ಮೂರು ಥರದ ನೀರುಕಾಗೆ, ನಾಲ್ಕು ಥರದ ಬೆಳ್ಳಕ್ಕಿ, ಕೆಸರಲ್ಲಿ ಓಡಾಡುವ ಕಂದು ಗೊರವಗಳು, ಹೆಣ್ಣು ಬಾತುಗಳು. ವರ್ಷಗಟ್ಟಲೆ ಹಕ್ಕಿ ನೋಡಿದವರೂ ಇವುಗಳ ಮುಂದೆ ತಡವರಿಸುತ್ತಾರೆ.

ಬಹಳ ಸಲ ತಪ್ಪು ಆಗುವುದು ನೋಡುವ ಕ್ರಮದಲ್ಲಿ. ನಾವು ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ಗಾತ್ರ. ನೀರಿನ ಮೇಲೆ ಜಾಸ್ತಿ ಸುಳ್ಳು ಹೇಳುವುದು ಇವೆರಡೇ. ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಮರಿ ಮಾಡುವ ಕಾಲಕ್ಕೆ ಕಪ್ಪಾಗುತ್ತದೆ. ಕೆಸರು ಮೆತ್ತಿದರೆ ಹಳದಿ ಪಾದ ಕಪ್ಪಾಗಿ ಕಾಣುತ್ತದೆ. ಗಾತ್ರದ ಕಥೆ ಇನ್ನೂ ಕಷ್ಟ. ಅಗಲವಾದ ನೀರಿನ ಮೇಲೆ ದೂರ ಎಷ್ಟು ಅಂತ ಕಣ್ಣಿಗೆ ಅಂದಾಜು ಸಿಗುವುದಿಲ್ಲ. ದೂರ ಗೊತ್ತಾಗದೆ ಗಾತ್ರ ಹೇಗೆ ಗೊತ್ತಾಗಬೇಕು?

ಹಾಗಾಗಿ ಈ ಬರಹದಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಬೆಳಕು, ಆಮೇಲೆ ಆಕಾರ, ಆಮೇಲೆ ನಡವಳಿಕೆ. ಬಣ್ಣ ಕೊನೆಗೆ. ಹೆಸರು ಅದಕ್ಕೂ ಕೊನೆಗೆ.

ಹೆಜ್ಜೆ 1: ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳಿ

ಬೆಳಗ್ಗೆ ಹೋದರೆ ಕೆರೆಯ ಪೂರ್ವ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸಂಜೆಗೆ ಇದರ ಉಲ್ಟಾ. ಗೇಟು ಇನ್ನೊಂದು ಕಡೆ ಇದ್ದರೆ ಸುತ್ತು ಹಾಕಿಕೊಂಡು ಬನ್ನಿ, ಅಷ್ಟು ನಡಿಗೆಗೆ ಲಾಭ ಇದೆ. ಎದುರು ಬೆಳಕಿನಲ್ಲಿ ಬಿಳಿ ಹಕ್ಕಿ ಬೂದಾಗಿ ಕಾಣುತ್ತದೆ, ಕಂದು ಹಕ್ಕಿ ಕಪ್ಪಾಗಿ ಕಾಣುತ್ತದೆ. ಕಾಲು, ಕೊಕ್ಕು, ಕಣ್ಣಿನ ಬಣ್ಣ ಎಲ್ಲ ಮಾಯ. ಇಂಥ ಬೆಳಕಿನಲ್ಲಿ ತೆಗೆದ ಫೋಟೋವನ್ನು ಮನೆಗೆ ತಂದು ಎಷ್ಟು ಬ್ರೈಟ್ ಮಾಡಿದರೂ ಉಪಯೋಗ ಕಡಿಮೆ.

ಬಿಸಿಲೇರಿದ ಮೇಲೆ ಇನ್ನೊಂದು ತೊಂದರೆ. ನೆಲ ಮತ್ತು ನೀರಿನ ಮೇಲಿನ ಗಾಳಿ ಕಾದು ನಡುಗುತ್ತದೆ. ದೂರದ ಹಕ್ಕಿಯ ಕಾಲು ಉದ್ದವಾಗಿಯೂ ಕೊಕ್ಕು ಡೊಂಕಾಗಿಯೂ ಕಾಣಬಹುದು. ಆ ಹೊತ್ತಿನಲ್ಲಿ ದೂರದ ಗೊರವಗಳನ್ನು ಬಿಟ್ಟು ಹತ್ತಿರದ ಹಕ್ಕಿ ನೋಡುವುದು ಜಾಣತನ. ಮೋಡ ಮುಚ್ಚಿದ ದಿನ ಮಾತ್ರ ಇಡೀ ದಿನ ಒಳ್ಳೆಯ ಬೆಳಕು, ಅದರಲ್ಲೂ ಬಿಳಿ ಹಕ್ಕಿಗಳಿಗೆ.

ಬೈನಾಕ್ಯುಲರ್ 8x42, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವಂಥದ್ದು, ಇದ್ದರೆ ಸಾಕು. 10x ತಗೊಂಡವರು ಕೈ ನಡುಗುತ್ತದೆ ಅಂತ ದೂರುವುದನ್ನು ಜಾಸ್ತಿ ಕೇಳಿದ್ದೇನೆ. ಕ್ಯಾಮೆರಾ ಇದ್ದರೆ ಬೆಳ್ಳಕ್ಕಿಗೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಮೈನಸ್ 0.7 ಅಥವಾ 1ರಷ್ಟು. ಇಲ್ಲದಿದ್ದರೆ ಬಿಳಿ ಬಣ್ಣ ಉಕ್ಕಿ, ಮುಖದ ಗೆರೆಗಳು ಅಳಿಸಿಹೋಗುತ್ತವೆ. ನಮಗೆ ಬೇಕಿರುವುದು ಆ ಗೆರೆಗಳೇ. ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ: ಒಂಟಿ ಹಕ್ಕಿಯ ಕ್ಲೋಸಪ್ ಜೊತೆಗೆ, ಪಕ್ಕದ ಹಕ್ಕಿಯೂ ಬರುವಂಥ ಒಂದು ಅಗಲದ ಫೋಟೋ ತೆಗೆಯಿರಿ. ಗಾತ್ರ ಅಳೆಯಲು ಅದೊಂದೇ ನಂಬಿಕೆಯ ದಾರಿ.

ಹೆಜ್ಜೆ 2: ಕೊಕ್ಕನ್ನು ತಲೆಯ ಜೊತೆ ಅಳೆಯಿರಿ

ಹಕ್ಕಿ ಎಷ್ಟು ಸೆಂಟಿಮೀಟರ್ ಇದೆ ಅಂತ ನಿಮಗೆ ಗೊತ್ತಾಗದು. ಆದರೆ ಅದರ ಕೊಕ್ಕು ಅದರದೇ ತಲೆಗಿಂತ ಉದ್ದವೋ ಗಿಡ್ಡವೋ ಅನ್ನುವುದು ನೂರು ಮೀಟರ್ ದೂರದಿಂದಲೂ ಗೊತ್ತಾಗುತ್ತದೆ. ಹಕ್ಕಿ ಪಕ್ಕಕ್ಕೆ ತಿರುಗಿದಾಗ ಕೊಕ್ಕನ್ನು ಮನಸ್ಸಿನಲ್ಲೇ ಹಿಂದಕ್ಕೆ ಮಡಚಿ ತಲೆಯ ಮೇಲೆ ಇಟ್ಟು ನೋಡಿ. ತಲೆಯ ಹಿಂಭಾಗ ದಾಟುತ್ತದೆಯೋ, ಅರ್ಧಕ್ಕೇ ನಿಲ್ಲುತ್ತದೆಯೋ? ಈ ಒಂದು ಅಳತೆ ನೀರುಕಾಗೆ, ಬೆಳ್ಳಕ್ಕಿ, ಗೊರವ ಮೂರೂ ಗುಂಪಿಗೆ ಕೆಲಸ ಮಾಡುತ್ತದೆ.

ಕುತ್ತಿಗೆ ಬಗ್ಗೆ ಎಚ್ಚರ. ಬಕದ ಜಾತಿಯ ಹಕ್ಕಿಗಳೆಲ್ಲ ಕುತ್ತಿಗೆಯನ್ನು ಒಳಕ್ಕೆ ಎಳೆದುಕೊಂಡು ಮುದುಡಿ ಕೂರುತ್ತವೆ. ಆಗ ದೊಡ್ಡ ಬೆಳ್ಳಕ್ಕಿಯೂ ಗಿಡ್ಡ ಕುತ್ತಿಗೆಯದು ಅನ್ನಿಸುತ್ತದೆ. ಅದು ಕುತ್ತಿಗೆ ನೀಡುವ ತನಕ ಕಾಯಿರಿ.

ಹೆಜ್ಜೆ 3: ಒಂದೈದು ನಿಮಿಷ ಸುಮ್ನೆ ನೋಡಿ

ಪುಸ್ತಕ, ಮೊಬೈಲ್ ಎರಡನ್ನೂ ಚೀಲದಲ್ಲಿಡಿ. ಹಕ್ಕಿ ಓಡುತ್ತಿದೆಯೋ ನಿಂತಿದೆಯೋ, ಬಾಲ ಕುಣಿಸುತ್ತಿದೆಯೋ, ಮುಳುಗುತ್ತಿದೆಯೋ, ಒಂಟಿಯೋ ಗುಂಪೋ ನೋಡಿ. ಹಾರಿಹೋದ ಮೇಲೆ ಪುಸ್ತಕ ಇರುತ್ತದೆ, ಹಕ್ಕಿ ಇರುವುದಿಲ್ಲ. ಆ್ಯಪು ಮೊದಲೇ ಒಂದು ಹೆಸರು ಕೊಟ್ಟುಬಿಟ್ಟರೆ ಕಣ್ಣು ಆ ಹೆಸರಿಗೆ ತಕ್ಕದ್ದನ್ನೇ ಹುಡುಕುತ್ತದೆ, ಅದೇ ತೊಂದರೆ.

ಇನ್ನು ಒಂದೊಂದೇ ಗುಂಪಿಗೆ ಬರೋಣ.

ಹೆಜ್ಜೆ 4: ಕಪ್ಪು ಹಕ್ಕಿಗಳು, ಅಂದರೆ ನೀರುಕಾಗೆ ಮತ್ತು ಹಾವಕ್ಕಿ

ನಮ್ಮ ಕೆರೆಗಳಲ್ಲಿ ಮೂರು ನೀರುಕಾಗೆಗಳಿವೆ. ಲಿಟ್ಲ್ ಕಾರ್ಮರೆಂಟ್ ಅನ್ನುವ ಪುಟ್ಟ ನೀರುಕಾಗೆ ಸುಮಾರು 50 ಸೆಂ.ಮೀ. ಇಂಡಿಯನ್ ಕಾರ್ಮರೆಂಟ್ 63 ಸೆಂ.ಮೀ. ಆಸುಪಾಸು. ಗ್ರೇಟ್ ಕಾರ್ಮರೆಂಟ್, ಅಂದರೆ ದೊಡ್ಡ ನೀರುಕಾಗೆ, 80 ಸೆಂ.ಮೀ.ಗಿಂತ ಮೇಲೆ. ಪುಸ್ತಕದಲ್ಲಿ ಈ ಅಂಕಿ ಓದಿದರೆ ಗುರುತಿಸುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಕೆರೆ ನಡುವಿನ ಒಣ ಮರದ ಮೇಲೆ ಒಂದೇ ಒಂದು ಕೂತಿರುವಾಗ 50ಕ್ಕೂ 63ಕ್ಕೂ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.

ಕೊಕ್ಕಿಗೆ ಬನ್ನಿ. ಪುಟ್ಟ ನೀರುಕಾಗೆಯ ಕೊಕ್ಕು ಮೊಂಡು, ತಲೆಗಿಂತ ಗಿಡ್ಡ. ಹಣೆ ಕಡಿದಾಗಿ ಮೇಲೇಳುತ್ತದೆ, ತಲೆ ಗುಂಡಗೆ ಕಾಣುತ್ತದೆ. ಕುತ್ತಿಗೆ ಗಿಡ್ಡ, ಬಾಲ ಮಾತ್ರ ಮೈಗೆ ಹೋಲಿಸಿದರೆ ಉದ್ದ. ಇಂಡಿಯನ್ ಕಾರ್ಮರೆಂಟಿನ ಕೊಕ್ಕು ತೆಳ್ಳಗೆ, ಉದ್ದವಾಗಿ ಹೋಗಿ ತುದಿಯಲ್ಲಿ ಮಾತ್ರ ಕೊಂಡಿಯಾಗುತ್ತದೆ. ಹಣೆ ಕೊಕ್ಕಿನ ಕಡೆಗೆ ಇಳಿಜಾರು. ಕುತ್ತಿಗೆಯೂ ಸಪೂರ. ಈ ಎರಡನ್ನು ಬೇರ್ಪಡಿಸಲು ಬೇರೇನೂ ಬೇಡ, ಪಕ್ಕನೋಟದ ತಲೆ ಒಂದೇ ಸಾಕು.

ಹತ್ತಿರ ಸಿಕ್ಕರೆ ಕಣ್ಣು ನೋಡಿ. ಬೆಳೆದ ಇಂಡಿಯನ್ ಕಾರ್ಮರೆಂಟಿಗೆ ನೀಲಿ-ಹಸಿರು ಕಣ್ಣು. ಒಳ್ಳೆ ಬೆಳಕಿನಲ್ಲಿ ಹೊಳೆಯುತ್ತದೆ, ಒಮ್ಮೆ ನೋಡಿದರೆ ಮರೆಯಲಾಗದು. ಪುಟ್ಟ ನೀರುಕಾಗೆಯ ಕಣ್ಣು ಕಡು ಬಣ್ಣದ್ದು. ಆದರೆ ಇಂಡಿಯನ್ ಕಾರ್ಮರೆಂಟಿನ ಎಳೆ ಹಕ್ಕಿಗೆ ಕಂದು ಕಣ್ಣಿರುತ್ತದೆ. ಹಾಗಾಗಿ ನೀಲಿ ಕಣ್ಣು ಕಂಡರೆ ಖಾತ್ರಿ ಮಾಡಿಕೊಳ್ಳಿ. ಕಾಣದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಬಿಳಿ ಗಂಟಲು ಕಂಡ ತಕ್ಷಣ ಗ್ರೇಟ್ ಕಾರ್ಮರೆಂಟ್ ಅನ್ನುವುದು ಬಹಳ ಸಾಮಾನ್ಯ ತಪ್ಪು. ಮರಿ ಮಾಡದ ಕಾಲದಲ್ಲಿ ಪುಟ್ಟ ನೀರುಕಾಗೆಯ ಗಂಟಲೂ ಬೆಳ್ಳಗಿರುತ್ತದೆ. ದೊಡ್ಡದಕ್ಕೆ ಬೇಕಾದದ್ದು ದಪ್ಪ, ಭಾರದ ಕೊಕ್ಕು, ಮುಖದ ಮೇಲೆ ಬರಿಯ ಹಳದಿ ಚರ್ಮ, ಅದರ ಹಿಂದೆ ಬಿಳಿ ಪಟ್ಟೆ. ತಲೆ ಕೋನ ಕೋನವಾಗಿರುತ್ತದೆ. ಮರಿ ಮಾಡುವ ಕಾಲದಲ್ಲಿ ತೊಡೆಯ ಮೇಲೆ ಬಿಳಿ ಮಚ್ಚೆ ಬರುತ್ತದೆ. ಹಾರುವಾಗಲೂ ಅದು ಕಾಣುತ್ತದೆ. ಬೇರೆರಡಕ್ಕೆ ಆ ಮಚ್ಚೆ ಇಲ್ಲ. ಆ ಕಾಲದಲ್ಲೇ ಇಂಡಿಯನ್ ಕಾರ್ಮರೆಂಟಿಗೆ ಕಣ್ಣಿನ ಹಿಂದೆ ಬಿಳಿ ಕುಚ್ಚು ಮೂಡುತ್ತದೆ. ಎಳೆಯ ದೊಡ್ಡ ನೀರುಕಾಗೆಗೆ ಹೊಟ್ಟೆ ಬೆಳ್ಳಗಿರುತ್ತದೆ. ಅದನ್ನು ನೋಡಿ ಹೊಸ ಜಾತಿ ಸಿಕ್ಕಿತು ಅಂತ ಸಂಭ್ರಮ ಪಡುವವರೂ ಇದ್ದಾರೆ.

ಹಾವಕ್ಕಿ, ಬರ್ಡರ್‌ಗಳ ಬಾಯಲ್ಲಿ ಡಾರ್ಟರ್, ನೀರುಕಾಗೆಗಳ ನಡುವೆಯೇ ಕೂತು ಅವುಗಳ ಹಾಗೇ ರೆಕ್ಕೆ ಒಣಗಿಸುತ್ತದೆ. ಇದರ ಕೊಕ್ಕು ನೇರ, ಚೂಪು. ತುದಿಯಲ್ಲಿ ಕೊಂಡಿ ಇಲ್ಲ. ನೀರುಕಾಗೆ ಮೀನನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತದೆ. ಹಾವಕ್ಕಿ ಚುಚ್ಚಿ ಹಿಡಿಯುತ್ತದೆ, ಆಮೇಲೆ ಮೇಲೆ ಬಂದು ಮೀನನ್ನು ಎಸೆದು ಬಾಯಿಗೆ ಹಾಕಿಕೊಳ್ಳುತ್ತದೆ. ಈಜುವಾಗ ಮೈಯೆಲ್ಲ ನೀರೊಳಗೆ, ಕುತ್ತಿಗೆ ಮಾತ್ರ ಹೊರಗೆ. ಹಾರುವಾಗ ಉದ್ದ ಬಾಲವನ್ನು ಬೀಸಣಿಗೆಯಾಗಿ ಬಿಚ್ಚಿ ಬಿಸಿಗಾಳಿಯಲ್ಲಿ ತೇಲುವುದುಂಟು. ನೀರುಕಾಗೆಗಳು ಸಾಮಾನ್ಯವಾಗಿ ಸಾಲಾಗಿ ರೆಕ್ಕೆ ಬಡಿಯುತ್ತಾ ಹೋಗುತ್ತವೆ.

ಇವೆಲ್ಲವನ್ನೂ ಹತ್ತಿರದಿಂದ ಕಲಿಯಲು ರಂಗನತಿಟ್ಟಿನ ದೋಣಿ ಸವಾರಿಗಿಂತ ಒಳ್ಳೆ ಪಾಠಶಾಲೆ ಕರ್ನಾಟಕದಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾದ ಈ ಜಾಗ 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿ ಬಂಡೆಗಳ ಹತ್ತಿರಕ್ಕೇ ಹೋಗುತ್ತದೆ. ಬೇರೆ ಬೇರೆ ನೀರುಕಾಗೆಗಳು, ಹಾವಕ್ಕಿ ಅಕ್ಕಪಕ್ಕ ಕೂತಿರುವುದು ಸಿಗುತ್ತದೆ. ಜನ ಮೊಸಳೆ ನೋಡುತ್ತಿರುವಾಗ ನೀವು ಕೊಕ್ಕು ನೋಡಿ. ಅಲ್ಲಿ ಆಕಾರ ಕಣ್ಣಿಗೆ ಕೂತರೆ, ಹೆಬ್ಬಾಳ ಕೆರೆಯಲ್ಲೋ ಮೈಸೂರಿನ ಕುಕ್ಕರಹಳ್ಳಿಯಲ್ಲೋ ದೂರದಿಂದ ನೋಡುವಾಗ ಅದು ನೆರವಿಗೆ ಬರುತ್ತದೆ.

ಹೆಜ್ಜೆ 5: ಬಿಳಿ ಹಕ್ಕಿಗಳು, ಅಂದರೆ ಬೆಳ್ಳಕ್ಕಿ ಮತ್ತು ಗೋವಕ್ಕಿ

ಇಲ್ಲಿ ತಾಳ್ಮೆ ಬೇಕು. ಬೆಳ್ಳಕ್ಕಿಗಳು ನೀರುಕಾಗೆಗಿಂತ ಕಷ್ಟ, ಯಾಕೆಂದರೆ ಇವುಗಳಲ್ಲಿ ಕೆಲವದರ ಕೊಕ್ಕಿನ ಬಣ್ಣ ವರ್ಷದಲ್ಲಿ ಎರಡು ಸಲ ಬದಲಾಗುತ್ತದೆ.

ಸುಲಭದ್ದರಿಂದ ಶುರು ಮಾಡೋಣ. ಚಿಕ್ಕ ಬೆಳ್ಳಕ್ಕಿಯ ಕೊಕ್ಕು ವರ್ಷವಿಡೀ ಕಪ್ಪು ಮತ್ತು ಸಪೂರ. ಕಾಲು ಕಪ್ಪು, ಪಾದ ಹಳದಿ. ಪಾದ ನೀರಲ್ಲೋ ಕೆಸರಲ್ಲೋ ಇದ್ದರೆ ಅದು ಹಾರುವ ತನಕ ಕಾಯಿರಿ, ಹಳದಿ ಹಿಂದೆ ಜೋತಾಡುತ್ತದೆ. ಸ್ವಭಾವವೂ ಬೇರೆ. ಒಂದು ಕಡೆ ನಿಲ್ಲದೆ ಓಡುತ್ತದೆ, ತಿರುಗುತ್ತದೆ, ಒಂದು ಪಾದದಿಂದ ಕೆಸರು ಕದಡಿ ಮೀನೆಬ್ಬಿಸುತ್ತದೆ. ಮರಿ ಮಾಡುವಾಗ ತಲೆಯ ಹಿಂದೆ ಎರಡು ಉದ್ದ ಗರಿ ಬರುತ್ತವೆ. ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಗೆ ಈ ಜುಟ್ಟು ಇಲ್ಲ. ಎಳೆ ಹಕ್ಕಿಯ ಕೊಕ್ಕಿನ ಬುಡ ಮಾತ್ರ ಸ್ವಲ್ಪ ಪೇಲವ. ಅದಕ್ಕೆ ಮರುಳಾಗಬೇಡಿ.

ನಿಜವಾದ ತಲೆನೋವು ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿ. ಹಳೆಯ ಪುಸ್ತಕಗಳು ಮಧ್ಯಮದ್ದನ್ನು ಇಂಟರ್ಮೀಡಿಯೆಟ್ ಎಗ್ರೆಟ್ ಅನ್ನುತ್ತವೆ, ಈಗಿನ ಆ್ಯಪುಗಳು ಮೀಡಿಯಂ ಎಗ್ರೆಟ್ ಅನ್ನುತ್ತವೆ. ನಮ್ಮ ಕೆರೆಯಲ್ಲಿರುವುದು ಅದೇ ಹಕ್ಕಿ, ಗಾಬರಿ ಬೇಡ. ಎರಡಕ್ಕೂ ಮರಿ ಮಾಡದ ಕಾಲದಲ್ಲಿ ಹಳದಿ ಕೊಕ್ಕು, ಕಪ್ಪು ಕಾಲು. ಮರಿ ಮಾಡುವಾಗ ಎರಡರ ಕೊಕ್ಕೂ ಕಪ್ಪು. ನಡುವೆ ಅರ್ಧ ಹಳದಿ ಅರ್ಧ ಕಪ್ಪಿನ ಹಂತವೂ ಬರುತ್ತದೆ. ಬಣ್ಣವನ್ನು ನಂಬಿದವರು ಇಲ್ಲೇ ಬೀಳುವುದು.

ಬಾಯಿಯ ಗೆರೆ ನೋಡಿ. ಕೊಕ್ಕಿನ ಎರಡು ಭಾಗ ಸೇರುವ ಗೆರೆ ಮುಖದ ಮೇಲೆ ಹಿಂದಕ್ಕೆ ಹೋಗುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಅದು ಕಣ್ಣನ್ನು ದಾಟಿ ಹಿಂದೆ ಹೋಗಿ ನಿಲ್ಲುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಈ ಗುರುತು ಋತು ಬದಲಾದರೂ ಬದಲಾಗದು. ಬೈನಾಕ್ಯುಲರಿನಲ್ಲಿ ಕಾಣದಿದ್ದರೆ ಫೋಟೋ ಹಿಗ್ಗಿಸಿ ನೋಡಿ. ಎಕ್ಸ್‌ಪೋಶರ್ ಇಳಿಸಿ ಅಂದಿದ್ದು ಇದಕ್ಕೇ.

ದೂರದಿಂದ ನೋಡುವುದಾದರೆ ತಲೆ, ಕುತ್ತಿಗೆ. ದೊಡ್ಡದರ ತಲೆ ಚಪ್ಪಟೆ, ಕೊಕ್ಕು ಉದ್ದನೆಯ ಈಟಿ. ಕುತ್ತಿಗೆ ಮೈಗಿಂತ ಉದ್ದ, ನಡುವೆ ಮುರಿದಂಥ ಒಂದು ಕೊಂಕು ಎದ್ದು ಕಾಣುತ್ತದೆ. ಮಧ್ಯಮದ್ದರ ತಲೆ ಗುಂಡು, ಕೊಕ್ಕು ಗಿಡ್ಡ, ತುದಿಯಲ್ಲಿ ಅನೇಕ ಸಲ ಕಪ್ಪು ಚುಕ್ಕೆ. ಕುತ್ತಿಗೆಯ ಬಾಗು ಮೃದು. ದೊಡ್ಡದು ಆಳದ ನೀರಲ್ಲಿ ಬಹಳ ಹೊತ್ತು ಅಲ್ಲಾಡದೆ ನಿಲ್ಲುತ್ತದೆ. ಮಧ್ಯಮದ್ದು ಜೊಂಡು, ಗದ್ದೆ, ಹುಲ್ಲಿನಂಚಿನಲ್ಲಿ ನಿಧಾನ ನಡೆಯುತ್ತದೆ. ಮರಿ ಮಾಡುವ ಕಾಲದಲ್ಲಾದರೆ ಎದೆಯ ಮೇಲೂ ಬೆನ್ನ ಮೇಲೂ ಎಳೆಗರಿ ಇದ್ದರೆ ಮಧ್ಯಮ, ಬೆನ್ನ ಮೇಲೆ ಮಾತ್ರ ಇದ್ದರೆ ದೊಡ್ಡದು. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕಪ್ಪು ಕೊಕ್ಕಿನ ಮಧ್ಯಮ ಬೆಳ್ಳಕ್ಕಿಯನ್ನು ಚಿಕ್ಕ ಬೆಳ್ಳಕ್ಕಿ ಅಂದುಕೊಳ್ಳುವವರು ಅಲ್ಲಿ ಬೇಕಾದಷ್ಟು ಸಿಗುತ್ತಾರೆ. ಪಾದ ನೋಡಿದರೆ ಸಾಕು. ಹಳದಿ ಇಲ್ಲದಿದ್ದರೆ ಚಿಕ್ಕದಲ್ಲ.

ಗದ್ದೆಯಲ್ಲಿ ಬೇರೆ ಸಮಸ್ಯೆ. ಅಲ್ಲಿ ಮಧ್ಯಮದ್ದು ಗೋವಕ್ಕಿಯ, ಅಂದರೆ ಕ್ಯಾಟಲ್ ಎಗ್ರೆಟ್‌ನ, ಜೊತೆ ಕಲಸಿಹೋಗುತ್ತದೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ಗೋವಕ್ಕಿಯ ತಲೆ, ಕುತ್ತಿಗೆ, ಬೆನ್ನು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಪ್ರಶ್ನೆಯೇ ಇಲ್ಲ. ಚಳಿಗಾಲದಲ್ಲಿ ಅದೂ ಪೂರ್ತಿ ಬಿಳಿ, ಹಳದಿ ಕೊಕ್ಕು. ಆಗ ಗದ್ದದ ಕೆಳಗೆ ನೋಡಿ. ಗೋವಕ್ಕಿಗೆ ಕೊಕ್ಕಿನ ಬುಡದಡಿ ಗರಿಗಳು ಉಬ್ಬಿಕೊಂಡು ಮುಖ ದಪ್ಪ ಅನ್ನಿಸುತ್ತದೆ. ಕುತ್ತಿಗೆ ಗಿಡ್ಡ, ದಪ್ಪ. ಕಾಲೂ ಗಿಡ್ಡ. ದನ, ಟ್ರ್ಯಾಕ್ಟರ್ ಹಿಂದೆ ಹುಳು ಹೆಕ್ಕುತ್ತಾ ತಲೆ ಹಿಂದೆ ಮುಂದೆ ಆಡಿಸಿಕೊಂಡು ನಡೆಯುತ್ತದೆ. ಆದರೆ ದನದ ಪಕ್ಕ ಇದ್ದದ್ದೆಲ್ಲ ಗೋವಕ್ಕಿ ಅಲ್ಲ. ಬೇರೆ ಬೆಳ್ಳಕ್ಕಿಗಳೂ ಆ ಲಾಭಕ್ಕೆ ಬರುತ್ತವೆ.

ಕರಾವಳಿಯವರಿಗೆ ಇನ್ನೊಂದು ಮಾತು. ಅಳಿವೆ, ಕಲ್ಲುಬಂಡೆಯ ತೀರದಲ್ಲಿ ವೆಸ್ಟರ್ನ್ ರೀಫ್ ಹೆರಾನ್ ಸಿಗುತ್ತದೆ. ಬೂದು ಬಣ್ಣದ್ದು ಗುರುತಿಸಲು ಸುಲಭ, ಗಂಟಲು ಬಿಳಿ. ಆದರೆ ಇದಕ್ಕೆ ಪೂರ್ತಿ ಬಿಳಿಯ ರೂಪವೂ ಇದೆ. ಅದು ಚಿಕ್ಕ ಬೆಳ್ಳಕ್ಕಿಯ ಪಡಿಯಚ್ಚು. ಕೊಕ್ಕು ನೋಡಿ: ರೀಫ್ ಹೆರಾನಿನದು ದಪ್ಪ, ಮಾಸಿದ ಹಳದಿ-ಕಂದು, ತುದಿಯ ಕಡೆಗೆ ಕೊಂಚ ಕೆಳಬಾಗು. ಅಘನಾಶಿನಿ ಅಳಿವೆಯಲ್ಲಿ ಎರಡನ್ನೂ ಎದುರುಬದುರು ನೋಡಿದರೆ ವ್ಯತ್ಯಾಸ ಮನಸ್ಸಿಗೆ ಹತ್ತುತ್ತದೆ. ಬಯಲುಸೀಮೆಯ ಕೆರೆಯಲ್ಲಿ ಕೊಕ್ಕು ಸ್ವಲ್ಪ ಪೇಲವ ಇದೆ ಅಂತ ರೀಫ್ ಹೆರಾನ್ ಬರೆದುಕೊಳ್ಳುವ ಮೊದಲು, ಅದು ಎಳೆಯ ಚಿಕ್ಕ ಬೆಳ್ಳಕ್ಕಿ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಕೊಳದ ಬಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೂತಾಗ ಮಣ್ಣಿನ ಬಣ್ಣ, ಹಾರಿದರೆ ಬಿಳಿ ರೆಕ್ಕೆ. ಅದನ್ನು ಇರುಳು ಬಕದ ಮರಿಯ ಜೊತೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಇರುಳು ಬಕದ ಮರಿ ಇನ್ನೂ ದಪ್ಪ, ರೆಕ್ಕೆಯ ಮೇಲೆ ಬಿಳಿ ಚುಕ್ಕೆ. ಹಾರಿದಾಗ ಬಿಳಿ ಕಾಣುವುದಿಲ್ಲ, ರೆಕ್ಕೆಯೂ ಕಂದೇ.

ಹೆಜ್ಜೆ 6: ಹಾರುವಾಗ ಕುತ್ತಿಗೆ ನೋಡಿ

ಬಕ, ಬೆಳ್ಳಕ್ಕಿಗಳು ಕುತ್ತಿಗೆ ಮಡಚಿ ಹಾರುತ್ತವೆ. ಕೊಕ್ಕರೆ, ಕೆಂಬರಲು (ಐಬಿಸ್), ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆ ಇವೆಲ್ಲ ಕುತ್ತಿಗೆ ಮುಂದಕ್ಕೆ ಚಾಚಿ ಹಾರುತ್ತವೆ. ಹೆಜ್ಜಾರ್ಲೆ ಕುತ್ತಿಗೆ ಮಡಚುತ್ತದೆ, ಆದರೆ ಅದರ ಗಾತ್ರ ಮತ್ತು ಕೊಕ್ಕು ಯಾರನ್ನೂ ಯಾಮಾರಿಸದು. ಬಾಯ್ಕಳಕ ಕೊಕ್ಕರೆಯನ್ನು (ಓಪನ್‌ಬಿಲ್) ದೂರದಿಂದ ದೊಡ್ಡ ಬೆಳ್ಳಕ್ಕಿ ಅನ್ನುವವರು ಅದು ಹಾರಿದಾಗ ನೋಡಲಿ: ಕುತ್ತಿಗೆ ನೇರ, ರೆಕ್ಕೆಯ ಹಿಂದಂಚು ಕಪ್ಪು. ಬೆಳ್ಳಕ್ಕಿಯ ರೆಕ್ಕೆಯಲ್ಲಿ ಕಪ್ಪು ಎಲ್ಲೂ ಇಲ್ಲ. ಬಾಯ್ಕಳಕದ ಮರಿಗೆ ಕೊಕ್ಕಿನ ನಡುವಿನ ಸಂದು ಇರುವುದಿಲ್ಲ ಅನ್ನುವುದೂ ನೆನಪಿರಲಿ. ಸಂದು ಇಲ್ಲದ್ದು ಕಂಡು ಬೇರೆ ಕೊಕ್ಕರೆ ಅಂದುಕೊಳ್ಳುವುದು ಇದರಿಂದಲೇ.

ಹೆಜ್ಜೆ 7: ಕೆಸರಿನ ಕಂದು ಹಕ್ಕಿಗಳು

ಜುಲೈ ಕೊನೆ, ಆಗಸ್ಟ್ ಹೊತ್ತಿಗೇ ಕಾಮನ್ ಸ್ಯಾಂಡ್‌ಪೈಪರ್ ಬಂದಿಳಿಯುತ್ತದೆ. ಹಿಂದೆಯೇ ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್. ಮೂರೂ ಗೊರವಗಳು ಹೆಚ್ಚುಕಮ್ಮಿ ಒಂದೇ ಗಾತ್ರ, 20 ಸೆಂ.ಮೀ. ಆಚೀಚೆ. ಮೂರೂ ಮೇಲೆ ಕಂದು, ಕೆಳಗೆ ಬಿಳಿ.

ಕಾಮನ್ ಸ್ಯಾಂಡ್‌ಪೈಪರ್ ಹಿಂಭಾಗವನ್ನು ಕುಣಿಸುತ್ತಲೇ ಇರುತ್ತದೆ, ನಿಂತಾಗಲೂ ನಡೆಯುವಾಗಲೂ. ಎದೆಯ ಬಿಳಿ ಬಣ್ಣ ಭುಜದ ಹತ್ತಿರ ಮೇಲಕ್ಕೆ ನುಗ್ಗಿ ರೆಕ್ಕೆಯ ಮುಂದೆ ಒಂದು ಬಿಳಿ ಮೂಲೆಯಾಗುತ್ತದೆ. ಇದೊಂದು ಗುರುತು ಸಿಕ್ಕರೆ ಬೇರೇನೂ ನೋಡಬೇಕಿಲ್ಲ. ಹಾರುವಾಗ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಬಿಗಿಹಿಡಿದು ನಡುಗಿಸುತ್ತಾ ಹೋಗುತ್ತದೆ. ರೆಕ್ಕೆ ಮೇಲೆ ಬಿಳಿ ಗೆರೆ ಇದೆ, ಸೊಂಟ (ಬಾಲದ ಬುಡದ ಮೇಲ್ಭಾಗ) ಕಂದು.

ಗ್ರೀನ್ ಮತ್ತು ವುಡ್‌ಗೆ ಸೊಂಟ ಬಿಳಿ, ರೆಕ್ಕೆಯಲ್ಲಿ ಗೆರೆ ಇಲ್ಲ. ಈಗ ಹುಬ್ಬು ನೋಡಿ. ವುಡ್‌ಗೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಉದ್ದ ಹೋಗುತ್ತದೆ. ಗ್ರೀನ್‌ಗೆ ಕಣ್ಣಿನ ಮುಂದೆ ಮಾತ್ರ. ವುಡ್‌ನ ಕಾಲು ಹಳದಿ ಕಡೆಗೆ, ಬೆನ್ನ ಮೇಲೆ ಚುಕ್ಕೆ ದಟ್ಟ. ಗ್ರೀನ್‌ನ ಬೆನ್ನು ಕಡು, ಕಾಲು ಮಬ್ಬು ಹಸಿರು. ಇನ್ನೂ ಒಳ್ಳೆಯ ಗುರುತು ರೆಕ್ಕೆಯ ಅಡಿಭಾಗ: ಗ್ರೀನ್‌ನದು ಹೆಚ್ಚುಕಮ್ಮಿ ಕಪ್ಪು, ವುಡ್‌ನದು ಪೇಲವ. ಗ್ರೀನ್ ಸಾಮಾನ್ಯವಾಗಿ ಒಂಟಿ, ಕಾಲುವೆ, ಹಳ್ಳ, ಸಣ್ಣ ಗುಂಡಿ ಇಷ್ಟ. ನೀವು ನೋಡುವ ಮೊದಲೇ ಜೋರಾಗಿ ಕೂಗಿ ಎದ್ದುಹೋಗುತ್ತದೆ. ವುಡ್ ಗದ್ದೆ ಕೆಸರಲ್ಲಿ ಚದುರಿದ ಗುಂಪಿನಲ್ಲಿ ಸಿಗುತ್ತದೆ, ಎದ್ದಾಗ 'ಚಿಫ್-ಇಫ್-ಇಫ್' ಅನ್ನುತ್ತದೆ. ಗೊರವಗಳಲ್ಲಿ ಕೂಗು ಕಲಿತವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಅವುಗಳ ನಡುವೆ ಓಡಿ ನಿಂತು, ಓಡಿ ನಿಂತು ತಿನ್ನುವ ಗುಂಡು ತಲೆಯ ಸಣ್ಣ ಹಕ್ಕಿ ಪ್ಲೋವರ್. ಲಿಟ್ಲ್ ರಿಂಗ್ಡ್ ಪ್ಲೋವರ್‌ಗೆ ಎದೆಯಲ್ಲಿ ಪೂರ್ತಿ ಕಪ್ಪು ಪಟ್ಟಿ, ಕೆಂಟಿಶ್ ಪ್ಲೋವರ್‌ಗೆ ನಡುವೆ ತುಂಡಾದ ಪಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಲಿಟ್ಲ್ ರಿಂಗ್ಡ್‌ನ ಎಳೆ ಹಕ್ಕಿಗೂ ಪಟ್ಟಿ ಕಂದಾಗಿ, ನಡುವೆ ತುಂಡಾಗಿ ಇರಬಹುದು. ಕಣ್ಣಿನ ಸುತ್ತ ಹಳದಿ ಉಂಗುರ, ಪೇಲವ ಕಾಲು ಇದ್ದರೆ ಲಿಟ್ಲ್ ರಿಂಗ್ಡ್. ಕಡು ಕಾಲು, ಹಾರುವಾಗ ರೆಕ್ಕೆಯಲ್ಲಿ ಬಿಳಿ ಗೆರೆ ಇದ್ದರೆ ಕೆಂಟಿಶ್.

ಹೆಜ್ಜೆ 8: ಕಂದು ಬಾತುಗಳು, ರೀವಗಳು, ಉಳಿದವು

ವರಟೆ ಅನ್ನುವ ಬಾತಿನ ಕಪ್ಪು ಕೊಕ್ಕಿನ ತುದಿ ಹಳದಿ. ವರ್ಷವಿಡೀ ಇಲ್ಲೇ ಇರುತ್ತದೆ. ತಕರಾರು ವಲಸೆ ಬಾತುಗಳದ್ದು. ನವೆಂಬರಿನಲ್ಲಿ ಬಂದ ಗುಂಪಿನಲ್ಲಿ ಎಲ್ಲವೂ ಹೆಣ್ಣು ಅನ್ನಿಸಿದರೆ ಆಶ್ಚರ್ಯ ಬೇಡ. ಗಂಡುಗಳೂ ಮರಿ ಮಾಡಿದ ಮೇಲೆ ಬಣ್ಣದ ಗರಿ ಉದುರಿಸಿ ಹೆಣ್ಣಿನ ಉಡುಪಿನಲ್ಲಿ ಬಂದಿರುತ್ತವೆ. ಗಾರ್ಗನಿ ಗಂಡಂತೂ ಬಹಳ ತಡವಾಗಿ ಬಣ್ಣಕ್ಕೆ ಮರಳುತ್ತದೆ. ಗಾರ್ಗನಿಯ ಮುಖದಲ್ಲಿ ಗೆರೆ ಗೆರೆ: ಕಣ್ಣಿನ ಮೇಲೆ ಬಿಳಿ, ಕಣ್ಣಲ್ಲಿ ಕಪ್ಪು, ಕೆನ್ನೆಯಲ್ಲಿ ಮತ್ತೊಂದು, ಕೊಕ್ಕಿನ ಬುಡದಲ್ಲಿ ಪೇಲವ ಮಚ್ಚೆ. ಕಾಮನ್ ಟೀಲ್‌ನ ಮುಖ ಸಪ್ಪೆ, ಬಾಲದ ಪಕ್ಕ ಒಂದು ಬಿಳಿ ಗೀರು. ಶವಲರ್ ಹೆಣ್ಣನ್ನು ಸಲಿಕೆಯಂಥ ಅಗಲ ಕೊಕ್ಕೇ ಹೇಳುತ್ತದೆ, ಪಿನ್‌ಟೇಲ್ ಹೆಣ್ಣನ್ನು ಸಪೂರ ಕುತ್ತಿಗೆ.

ಗುಳುಮುಳುಕವನ್ನು (ಲಿಟ್ಲ್ ಗ್ರೀಬ್) ಬಾತಿನ ಮರಿ ಅನ್ನುವವರು ಕೊಕ್ಕು ನೋಡಲಿ. ಚಪ್ಪಟೆಯಲ್ಲ, ಚೂಪು. ನಾಮದಕೋಳಿಗೆ (ಕೂಟ್) ಹಣೆ ಬಿಳಿ. ಮೂರ್‌ಹೆನ್‌ಗೆ ಹಣೆ ಕೆಂಪು, ಪಕ್ಕೆಯಲ್ಲಿ ಬಿಳಿ ಗೆರೆ.

ರೀವಗಳಲ್ಲಿ, ಅಂದರೆ ಟರ್ನ್ ಹಕ್ಕಿಗಳಲ್ಲಿ, ಎಚ್ಚರ ಸ್ವಲ್ಪ ಜಾಸ್ತಿ ಬೇಕು, ಯಾಕೆಂದರೆ ಇಲ್ಲಿ ತಪ್ಪಿಗೆ ಬೆಲೆ ಇದೆ. ನದಿ ರೀವ, ಜೀವಿಗಳ ಉಳಿವಿನ ಸ್ಥಿತಿ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಅಪಾಯದ ಪಟ್ಟಿಯಲ್ಲಿರುವ ಹಕ್ಕಿ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಗೂಡು ಮಾಡುತ್ತದೆ. ಚಳಿಗಾಲದಲ್ಲಿ ಕೆರೆಗಳ ಮೇಲೆ ಸುಳಿದಾಡುವ ವಿಸ್ಕರ್ಡ್ ಟರ್ನ್‌ಗಳನ್ನು ನದಿ ರೀವ ಅಂತ ಎಣಿಸಿಬಿಟ್ಟರೆ, ಅದು ಇರುವುದಕ್ಕಿಂತ ಜಾಸ್ತಿ ಇದೆ ಅನ್ನುವ ಸುಳ್ಳು ಲೆಕ್ಕ ಹುಟ್ಟುತ್ತದೆ. ನದಿ ರೀವಕ್ಕೆ ದಪ್ಪ ಹಳದಿ ಕೊಕ್ಕು, ಆಳವಾಗಿ ಸೀಳಿದ ಉದ್ದ ಬಾಲ. ವಿಸ್ಕರ್ಡ್ ಟರ್ನ್ ಎಷ್ಟೋ ಚಿಕ್ಕದು, ಬಾಲದಲ್ಲಿ ಸಣ್ಣ ಕಚ್ಚು ಅಷ್ಟೆ. ನೀರಿನ ಮೇಲ್ಮೈಯಿಂದ ಹುಳು, ಸಣ್ಣ ಮೀನು ಎತ್ತಿಕೊಳ್ಳುತ್ತದೆ.

ಹೆಜ್ಜೆ 9: ಸಾಮಾನ್ಯ ಹಕ್ಕಿಯನ್ನು ಮೊದಲು ತಳ್ಳಿಹಾಕಿ

ಒಂದು ಹಕ್ಕಿ ವಿಚಿತ್ರ ಅನ್ನಿಸಿದರೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದು ಮಾಮೂಲಿ ಹಕ್ಕಿಯ ಮರಿಯೇ? ಗರಿ ಉದುರಿಸುತ್ತಿದೆಯೇ? ಒದ್ದೆಯಾಗಿದೆಯೇ? ಕೆಸರು ಮೆತ್ತಿದೆಯೇ? ಇವಕ್ಕೆಲ್ಲ ಇಲ್ಲ ಅನ್ನುವ ಉತ್ತರ ಬಂದ ಮೇಲೆ ಮಾತ್ರ ಅಪರೂಪದ್ದರ ಕಡೆ ಹೋಗಿ. ಅಂಥ ಹಕ್ಕಿಗೆ ಒಂದೇ ಗುರುತಿನ ಮೇಲೆ ಹೆಸರಿಡಬೇಡಿ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಗುರುತು ಬೇಕು, ಕೊಕ್ಕಿನದೊಂದು ಹಾರಾಟದ್ದೊಂದು ಅನ್ನುವ ಹಾಗೆ.

ಫೋಟೋ ನೋಡಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪನ್ನು ಈ ಹಂತದಲ್ಲಿ ತೆರೆಯಿರಿ. ಸ್ಪಷ್ಟ ಫೋಟೋಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಎದುರು ಬೆಳಕಿನ ಕಪ್ಪು ನೆರಳಿನ ಫೋಟೋ ಕೊಟ್ಟರೂ ಅದು ಒಂದು ಹೆಸರು ಕೊಡುತ್ತದೆ, ಅದೇ ಅಪಾಯ. ಅದು ಸೂಚಿಸಿದ ಹಕ್ಕಿಯ ಗುರುತುಗಳು ನೀವು ಆಗಲೇ ಬರೆದುಕೊಂಡ ಟಿಪ್ಪಣಿಗೆ ಹೊಂದುತ್ತವೆಯೇ ನೋಡಿ. ಟಿಪ್ಪಣಿ ಇಲ್ಲದಿದ್ದರೆ ಹೋಲಿಸುವುದಕ್ಕೂ ಏನಿಲ್ಲ.

ಹೆಜ್ಜೆ 10: ಗೊತ್ತಾಗದ್ದನ್ನು ಗೊತ್ತಾಗದ ಹಾಗೇ ಬರೆಯಿರಿ

ನೋಡಿದ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ 'ಕಾರ್ಮರೆಂಟ್ ಎಸ್‌ಪಿ.', 'ವೈಟ್ ಎಗ್ರೆಟ್ ಎಸ್‌ಪಿ.', 'ಡಕ್ ಎಸ್‌ಪಿ.' ಅನ್ನುವ ಆಯ್ಕೆಗಳಿವೆ. ಪಟ್ಟಿಯಲ್ಲಿ ಕಾಣದಿದ್ದರೆ ಟೈಪ್ ಮಾಡಿ ಹುಡುಕಿ. ಜಾತಿ ಖಾತ್ರಿ ಇಲ್ಲ, ಗುಂಪು ಮಾತ್ರ ಖಾತ್ರಿ ಅಂತ ಅರ್ಥ. ಇದನ್ನು ಬಳಸಲು ನಾಚಿಕೆ ಪಡುವವರು ಜಾಸ್ತಿ, ಕಾರಣ ನನಗಂತೂ ಅರ್ಥವಾಗಿಲ್ಲ. ದೂರದ ಮರದಲ್ಲಿ ಇನ್ನೂರು ನೀರುಕಾಗೆ ಇದ್ದು, ಹತ್ತಿರದ ಮೂವತ್ತು ಮಾತ್ರ ಸರಿಯಾಗಿ ಕಂಡಿದ್ದರೆ, ಆ ಮೂವತ್ತಕ್ಕೆ ಹೆಸರು ಕೊಡಿ. ಉಳಿದದ್ದನ್ನು ಎಸ್‌ಪಿ.ಗೆ ಹಾಕಿ. ಹತ್ತಿರದವು ಪುಟ್ಟ ನೀರುಕಾಗೆ ಆಗಿದ್ದವು ಅಂತ ದೂರದವೂ ಅದೇ ಅಂದುಕೊಳ್ಳಬೇಡಿ.

ಜನವರಿಯಲ್ಲಿ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ನಡೆಯುತ್ತದೆ. 1987ರಿಂದ ನಡೆಯುತ್ತಿರುವ ಈ ಎಣಿಕೆಗೆ ಸ್ವಯಂಸೇವಕರೇ ಆಧಾರ. ಅದಕ್ಕೆ ಹೋಗುವುದಾದರೆ ಹೊಸಬರು ಅನುಭವಿಗಳ ಪಕ್ಕ ನಿಲ್ಲಿ. ಹೆಸರು ಕೇಳಬೇಡಿ, 'ಯಾವ ಗುರುತಿನಿಂದ ಹೇಳಿದಿರಿ' ಅಂತ ಕೇಳಿ. ಎಣಿಸುವಾಗ ಇಬ್ಬರು ಇರಲಿ, ಒಬ್ಬರು ನೋಡಲು, ಒಬ್ಬರು ಬರೆಯಲು. ಗುಂಪು ಹಾರಿ ಕೆರೆಯ ಇನ್ನೊಂದು ಬದಿಗೆ ಇಳಿದರೆ ಸಮಯ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಆ ಬದಿಯ ತಂಡ ಅವನ್ನೇ ಮತ್ತೊಮ್ಮೆ ಎಣಿಸುತ್ತದೆ.

ಮನೆಗೆ ಬಂದು ಫೋಟೋ ಹಿಗ್ಗಿಸಿದಾಗ ಹೆಸರು ಬದಲಾದರೆ ಇಬರ್ಡ್ ಪಟ್ಟಿಯನ್ನು ಯಾವಾಗ ಬೇಕಾದರೂ ತಿದ್ದಬಹುದು. ಪರಿಶೀಲಿಸುವ ಸ್ವಯಂಸೇವಕರು ಯಾವುದೋ ಹಕ್ಕಿಯ ಬಗ್ಗೆ ವಿವರ ಕೇಳಿ ಮೇಲ್ ಕಳಿಸಿದರೆ ಸಿಟ್ಟಾಗಬೇಡಿ. ನೋಡಿದ ಗುರುತುಗಳನ್ನು ಬರೆದು ಕಳಿಸಿ, ಫೋಟೋ ಇದ್ದರೆ ಪಟ್ಟಿಗೆ ಸೇರಿಸಿ. ಗುರುತು ನೆನಪಿಲ್ಲ, ಹೆಸರು ಮಾತ್ರ ನೆನಪಿದೆ ಅನ್ನುವ ಸ್ಥಿತಿ ಇದ್ದರೆ ಆ ದಾಖಲೆಯನ್ನು ಎಸ್‌ಪಿ.ಗೆ ಇಳಿಸುವುದೇ ಸರಿ.